ಗಂಟೆಗೋಪುರದ ಸಂದು

ಅಕ್ಕ ಫೋನ್ ಮಾಡಿದಾಗ ನಾನು ಸೇಲಂನ ನಮ್ಮ ಮನೆಯ ತಾರಸಿಯಲ್ಲಿ ಸಬ್ಬಕ್ಕಿ ಸಂಡಿಗೆ ಇಡುತ್ತಿದ್ದೆ. ತಮಿಳರ ಮಾಸಿ ತಿಂಗಳು, ಶಿವರಾತ್ರಿ ಹೊತ್ತಿನ ಬಿಸಿಲು, ಕೈತುಂಬ ಹಿಟ್ಟು. ಕಿವಿಗೂ ಭುಜಕ್ಕೂ ನಡುವೆ ಫೋನ್ ಸಿಕ್ಕಿಸಿಕೊಂಡೆ.

“ಬಿರುಕು ಮತ್ತೆ ಬಿಟ್ಟೈತೆ ಕಣೇ,” ಎಂದಳು. ಊಟ ಆಯಿತಾ, ಏನು ಮಾಡುತ್ತಿದ್ದೀ, ಯಾವುದೂ ಇಲ್ಲ.

“ಬಿಡದೆ ಇನ್ನೇನು ಮಾಡ್ತದೆ? ವರ್ಷ ವರ್ಷ ಅದರ ಬಾಯಿಗೆ ಸಿಮೆಂಟ್ ತುರುಕ್ತೀರಾ.”

“ಎದುರು ವಾಯಾಡಬೇಡ. ಈ ಸಲ ಕಮಿಟಿಯೋರು ಒಬ್ಬ ಇಂಜಿನಿಯರ್‌ನ ಕರ್ಕೊಂಡು ಬಂದಿದ್ರು. ಗೋಪುರ ಹಾಲ್‌ನಿಂದ ಪಿರಿಞ್ಜು ಬರ್ತೈತಂತೆ. ಬೇರೆಯಾಗಿ ಬಿದ್ದೋಗ್ತೈತಂತೆ. ಇಷ್ಟು ವರ್ಷ ಮಕ್ಕಳನ್ನ ಅದರ ಕೆಳಗೇ ಕೂರ್ಸಿದ್ದೀನಲ್ಲೇ.”

ಅಕ್ಕ ಹೆಣ್ಣುಮಕ್ಕಳ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ನಾವಿಬ್ಬರೂ ಓದಿದ್ದು ಅದೇ ಶಾಲೆಯಲ್ಲಿ. ಹಳೆಯ ಕಟ್ಟಡಗಳನ್ನು ನೋಡಿ ಇದು ನಿಲ್ಲುತ್ತದೆ, ಇದು ನಿಲ್ಲುವುದಿಲ್ಲ ಎಂದು ಬರೆದುಕೊಡುವುದು ನನ್ನ ಕಸುಬು. ಊರಿನ ಅರ್ಧ ಜನ ನನ್ನ ವರದಿಗೆ ಕಾಯುತ್ತಾರೆ, ಇನ್ನರ್ಧ ಜನ ನನ್ನ ಬಾಯಿಗೆ ಹೆದರುತ್ತಾರೆ ಎಂದು ನನ್ನ ಗಂಡ ಹೇಳುತ್ತಾನೆ. ಆದರೆ ಅಕ್ಕನ ಶಾಲೆಯ ಪ್ರಾರ್ಥನಾ ಮಂದಿರವನ್ನು ಅದುವರೆಗೆ ನಾನು ಇಂಜಿನಿಯರ್ ಕಣ್ಣಿನಿಂದ ನೋಡಿರಲೇ ಇಲ್ಲ. ನನಗದು ಬೆಳಗಿನ ಹಾಡು, ಬೆವರಿದ ಜಡೆಗಳ ಎಣ್ಣೆ ವಾಸನೆ, ಮೇಲೆ ಎಲ್ಲೋ ಸೇರಿಕೊಂಡ ಪಾರಿವಾಳ, ಅಷ್ಟೇ ಆಗಿತ್ತು.

ಸಂಡಿಗೆಯನ್ನು ಗಂಡನಿಗೆ ಒಪ್ಪಿಸಿ ಹೊರಟೆ. ಅವನು ಇಟ್ಟ ಸಂಡಿಗೆಗಳು ಒಂದೊಂದೂ ಒಂದೊಂದು ದೇಶದ ಭೂಪಟದ ಹಾಗೆ ಒಣಗಿದವು.

ಆ ಮಂದಿರವನ್ನು ಕಟ್ಟಿದವನು ಹೋದ ಶತಮಾನದ ಮೊದಲ ಭಾಗದಲ್ಲಿ ವಿಲಾಯತಿಯಿಂದ ಬಂದ ಒಬ್ಬ ವಾಸ್ತುಶಿಲ್ಪಿ. ಅವನನ್ನು ನಾನು ಮನಸ್ಸಿನಲ್ಲೇ ಚೂಪು ದೊರೆ ಎಂದು ಕರೆಯುತ್ತಿದ್ದೆ. ಅವನು ಕಟ್ಟಿದ್ದರಲ್ಲಿ ಕಿಟಕಿ ಚೂಪು, ಬಾಗಿಲು ಚೂಪು, ಕಮಾನು ಚೂಪು, ಗೋಪುರದ ತುದಿಯಂತೂ ಕೇಳಲೇಬೇಡಿ. ಅವನ ದೇಶದಲ್ಲಿ ಆಗ ಗೋಥಿಕ್ ಶೈಲಿಯನ್ನು ಮತ್ತೆ ಎಬ್ಬಿಸಿ ನಿಲ್ಲಿಸುವ ಹುಚ್ಚು ಇನ್ನೂ ಬಿಟ್ಟಿರಲಿಲ್ಲ. ಕಾಲೇಜಿನಲ್ಲಿ ನಮ್ಮ ಮೇಷ್ಟ್ರೊಬ್ಬರು ಅವನ ಬಗ್ಗೆ ಒಂದು ತರಗತಿಯ ಕೊನೆಯ ಕೆಲವು ನಿಮಿಷ ಮಾತಾಡಿದ್ದರು. ದೊಡ್ಡ ಕಲ್ಲಿನ ಇಗರ್ಜಿಗಳನ್ನು ಕಟ್ಟುತ್ತೇನೆಂದು ಚಿಕ್ಕ ವಯಸ್ಸಿನಲ್ಲಿ ಹಡಗು ಹತ್ತಿ ಬಂದವನಂತೆ. ಅವನಿಗೆ ಸಿಕ್ಕಿದ್ದು ಒಳನಾಡಿನ ಪುಟ್ಟ ಪ್ರಾರ್ಥನಾಲಯ, ಆಸ್ಪತ್ರೆಯ ವಾರ್ಡು, ಶಾಲೆ. ಕೆತ್ತಿದ ಕಲ್ಲಿಗೆ ದುಡ್ಡಿಲ್ಲ ಎಂದು ಇಟ್ಟಿಗೆಯಲ್ಲಿ ಕಟ್ಟಿ, ಮೇಲೆ ಗಾರೆ ಮೆತ್ತಿ, ಗಾರೆಯ ಮೇಲೆ ಕಲ್ಲಿನ ಹಾಗೆ ಗೆರೆ ಎಳೆಸಿದ. ಹೆಂಚು ಹೊದಿಸಿದ. ದೊಡ್ಡದೇನನ್ನೂ ಕಟ್ಟದೆ ಮುದುಕನಾದ. “ಪಾಪ, ವೀಣಾ ಪೋಯಿಟ್ಟಾರು,” ಎಂದು ನಮ್ಮ ಮೇಷ್ಟ್ರು ಅವನ ಇಡೀ ಬಾಳನ್ನು ವ್ಯರ್ಥದ ಲೆಕ್ಕಕ್ಕೆ ಹಾಕಿ ಕರಿಹಲಗೆ ಒರೆಸಿದರು. ನಾವೂ ಹಾಗೇ ಬರೆದುಕೊಂಡೆವು.

ಶಾಲೆಯ ಬಿರುಕನ್ನು ನೋಡಿದಾಗ ನನಗೂ ಹೆದರಿಕೆಯಾಯಿತು. ಗಂಟೆಗೋಪುರ ಹಾಲ್‌ನ ಗೋಡೆಯನ್ನು ಸೇರುವ ಮೂಲೆಯಲ್ಲಿ, ನೆಲದಿಂದ ಸೂರಿನವರೆಗೆ, ನೇರವಾಗಿ ಒಂದೇ ಸಮ ಓಡಿತ್ತು. ಪ್ರತಿ ವರ್ಷ ಶಾಲೆ ಶುರುವಾಗುವ ಮುಂಚೆ ಸುಣ್ಣ ಹೊಡೆಸುವಾಗ ಅದಕ್ಕೆ ಸಿಮೆಂಟ್ ತುಂಬುವುದು ಅಲ್ಲಿಯ ವಾಡಿಕೆ. ಬೇಸಿಗೆ ಬಂದರೆ ಸಿಮೆಂಟ್ ಹಪ್ಪಳದಂತೆ ಏಳುವುದು, ಮತ್ತೆ ತುಂಬುವುದು. ಎಷ್ಟು ಕಾಲದಿಂದ ಹೀಗೆ ಎಂದರೆ ಯಾರಿಗೂ ನೆನಪಿಲ್ಲ. ತೂಗುಗುಂಡು ಇಳಿಬಿಟ್ಟು ನೋಡಿದೆ. ಗೋಪುರದ ಮುಖ ತುಸು ಹೊರಕ್ಕೆ ವಾಲಿತ್ತು. ಕಟ್ಟುವಾಗಲೇ ಹಾಗಿತ್ತೋ, ಈಗ ವಾಲುತ್ತಿದೆಯೋ, ಒಂದು ದಿನ ನೋಡಿದರೆ ಗೊತ್ತಾಗುವುದಿಲ್ಲ.

ಬಿರುಕಿನ ಮೇಲೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಗಳನ್ನು ಅಂಟಿಸಿದೆ. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಹಳೆಯ ಉಪಾಯ, ಆದರೆ ಸುಳ್ಳು ಹೇಳುವುದಿಲ್ಲ. ನನ್ನ ತನಿಖೆ ಮುಗಿಯುವವರೆಗೆ ಗೋಪುರದ ಕಡೆಯ ಭಾಗಕ್ಕೆ ಯಾರೂ ಹೋಗಬಾರದು, ಮಕ್ಕಳು ಇನ್ನೊಂದು ತುದಿಯ ಬಾಗಿಲಿನಿಂದ ಬಂದು ಅಲ್ಲೇ ಕೂರಬೇಕು ಎಂದು ಅಕ್ಕನಿಗೆ ಬರೆದುಕೊಟ್ಟೆ. ಕಮಿಟಿಯ ಕಾರ್ಯದರ್ಶಿ ಪಕ್ಕದಲ್ಲೇ ನಿಂತಿದ್ದರು. ಬೇಸಿಗೆ ರಜೆ ಶುರುವಾಗಿ ವಾರದೊಳಗೆ ನನ್ನ ಮಾತು ಬರಬೇಕು, ಇಲ್ಲದಿದ್ದರೆ ರಜೆಯಲ್ಲೇ ಇಡೀ ಮಂದಿರ ಕೆಡವಿ ಕಾಂಕ್ರೀಟ್ ಸಭಾಂಗಣ ಕಟ್ಟುತ್ತೇವೆ ಎಂದು ತಮಿಳಿನಲ್ಲಿ ಹೇಳಿದರು. ಕೆಟ್ಟವರೇನಲ್ಲ. ಅವರ ಮೊಮ್ಮಗಳೂ ಅದೇ ಶಾಲೆಯಲ್ಲಿ ಓದುತ್ತಾಳೆ.

ಪರೀಕ್ಷೆಗಳು ಮುಗಿಯುವಷ್ಟರಲ್ಲಿ ಗಾಜುಗಳೆಲ್ಲ ಒಡೆದಿದ್ದವು.

ಅವತ್ತು ಅಕ್ಕನ ಮುಖ ನೋಡಲಾಗಲಿಲ್ಲ. ಅವಳು ಬಯ್ಯುವವಳು, ನಗಿಸುವವಳು, ಗದರಿಸಿ ಊಟ ಬಡಿಸುವವಳು. ಹೆದರಿ ಕೂತ ಅಕ್ಕನನ್ನು ನಾನು ಕಂಡೇ ಇರಲಿಲ್ಲ. ಒಡೆದ ಗಾಜನ್ನು ಕೈಯಲ್ಲಿ ಹಿಡಿದುಕೊಂಡು, “ನಿಜಮಾ ಹೇಳು. ಇದು ಯಾವತ್ತಾದ್ರೂ ಮಕ್ಕಳ ಮೇಲೆ ಬೀಳ್ತಿತ್ತಾ?” ಎಂದಳು.

“ಗೊತ್ತಿಲ್ಲ.”

“ಇಂಜಿನಿಯರ್ ಆಗಿ ಗೊತ್ತಿಲ್ಲ ಅಂತೀಯಲ್ಲೇ.”

“ಇಂಜಿನಿಯರ್ ಆಗಿರೋದಕ್ಕೇ ಗೊತ್ತಿಲ್ಲ ಅಂತಿದ್ದೀನಿ. ಜೋಸ್ಯ ಹೇಳೋಳಾಗಿದ್ರೆ ಗೊತ್ತು ಅಂತಿದ್ದೆ.”

ಅಡಿಪಾಯ ಅಗೆಯುವಂತಿಲ್ಲ, ಅಗೆದರೆ ನಿಜವಾಗಿಯೂ ಬಿದ್ದೀತು. ಕೆಡವಿ ಎಂದು ಬರೆದುಕೊಟ್ಟರೆ ನಾನು ಬಚಾವ್. ಯಾರೂ ಸಾಯುವುದಿಲ್ಲ, ಯಾರೂ ನನ್ನನ್ನು ಬಯ್ಯುವುದಿಲ್ಲ. ಆದರೆ ಅಕ್ಕ ಅಷ್ಟು ವರ್ಷ ಸಾವಿನ ಕೆಳಗೆ ಮಕ್ಕಳನ್ನು ಕೂರಿಸಿದ್ದಳು ಎಂದೂ ಆ ಕಾಗದವೇ ಹೇಳುತ್ತದೆ. ಆ ಮಾತನ್ನು ಹೊತ್ತುಕೊಂಡು ಅವಳು ನಿವೃತ್ತಿಯಾಗಬೇಕು. ಸುಳ್ಳಾದರೆ ಅದಕ್ಕಿಂತ ಅನ್ಯಾಯವಿಲ್ಲ. ಹಾಗೆಂದು ನಿಲ್ಲುತ್ತದೆ ಎಂದು ಬರೆದು, ಅದು ಬಿದ್ದರೆ?

ಕಟ್ಟಡ ಬಾಯಿ ಬಿಡದಿದ್ದರೆ ಅದರ ಅಣ್ಣತಮ್ಮಂದಿರನ್ನು ಕೇಳಬೇಕು. ಚೂಪು ದೊರೆ ನಮ್ಮ ಸೀಮೆಯಲ್ಲಿ ಗೋಪುರವಿರುವ ಕಟ್ಟಡ ಕಟ್ಟಿದ್ದು ಮೂರೇ ಎಂದು ಮೇಷ್ಟ್ರು ಹೇಳಿದ್ದು ನೆನಪಿತ್ತು. ಮೊದಲನೆಯದು ಮಾರಂಡಹಳ್ಳಿ ಕಡೆ, ಎರಡನೆಯದು ಮೇಚೇರಿ ಕಡೆ, ಕೊನೆಯದು ನಮ್ಮ ಶಾಲೆ. ರಜೆ ಶುರುವಾದ ಮೇಲೆ ಒಂದು ಬೆಳಗ್ಗೆ ಕಾರು ತೆಗೆದೆ. ಅಕ್ಕ ಹೇಳದೆ ಕೇಳದೆ ಬಂದು ಪಕ್ಕದಲ್ಲಿ ಕೂತಳು. ಕಾಲ ಬಳಿ ಇಡ್ಲಿ ಡಬ್ಬಿ, ನೀರಿನ ಕೊಡದಂಥ ಬಾಟಲಿ.

ತೊಪ್ಪೂರು ಘಾಟಿನಲ್ಲಿ ಲಾರಿಗಳು ಒಂದರ ಹಿಂದೆ ಒಂದು ನಿಂತಿದ್ದವು. ಬೇರೆ ದಿನವಾಗಿದ್ದರೆ ಅಕ್ಕ ಅಷ್ಟೂ ಡ್ರೈವರುಗಳಿಗೆ ಕಿಟಕಿಯಿಂದಲೇ ಪಾಠ ಮಾಡುತ್ತಿದ್ದಳು. ಅವತ್ತು ಕಿಟಕಿ ಗಾಜನ್ನೇ ಇಳಿಸಲಿಲ್ಲ. ಮಾರಂಡಹಳ್ಳಿ ದಾಟಿ ರಾಗಿ ಹೊಲ, ಟೊಮೆಟೊ ಹೊಲಗಳ ನಡುವೆ ಆ ಪ್ರಾರ್ಥನಾಲಯ ಸಿಕ್ಕಿತು. ಪುಟ್ಟದು. ಗೋಪುರಕ್ಕೆ ತಲೆಯೇ ಇರಲಿಲ್ಲ. ಅರ್ಧಕ್ಕೆ ಇಳಿಸಿ ಮೇಲೊಂದು ಹೆಂಚಿನ ಟೋಪಿ ಹಾಕಿದ್ದರು. ಗೋಪುರಕ್ಕೆ ಅಂಟಿದ ಗೋಡೆಯಲ್ಲಿ ಒಂದು ದೊಡ್ಡ ಸೀಳು, ಅಡ್ಡಾದಿಡ್ಡಿ ಮೆಟ್ಟಿಲು ಮೆಟ್ಟಿಲಾಗಿ ಇಟ್ಟಿಗೆಗಳನ್ನೇ ಮುರಿದುಕೊಂಡು ಇಳಿದಿತ್ತು. ಬಹಳ ಹಳೆಯದು. ಅದರೊಳಗೆ ಅರಳಿ ಗಿಡ ಹುಟ್ಟಿತ್ತು.

ಓದುವುದು ಸುಲಭವಿತ್ತು. ಗೋಪುರ ಭಾರ, ಹಾಲ್ ಹಗುರ. ಭಾರದ್ದು ಮಣ್ಣಿನಲ್ಲಿ ಹೆಚ್ಚು ಕುಸಿಯುತ್ತದೆ. ದೊರೆ ಎರಡನ್ನೂ ಇಟ್ಟಿಗೆಗೆ ಇಟ್ಟಿಗೆ ಹೆಣೆದು ಒಂದಾಗಿ ಕಟ್ಟಿಸಿದ್ದ. ಗೋಪುರ ಕುಸಿದಾಗ ಹಾಲ್‌ನ ಗೋಡೆಯನ್ನೂ ಹರಿದುಕೊಂಡು ಹೋಗಿದೆ. ಅವನ ದೇಶದಲ್ಲಿ ಬಂಡೆಯ ಮೇಲೆ ಕಟ್ಟಿದ್ದನ್ನು ನೋಡಿ ಕಲಿತಿರಬೇಕು. ಇಲ್ಲಿಯ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ ಎಂಬುದು ಅವನಿಗೆ ತಿಳಿದಿರಲಿಲ್ಲ. ಮೊದಲ ಕೆಲಸದಲ್ಲೇ ದೊರೆಯ ಮೂಗು ಮಣ್ಣಿಗೆ ತಗುಲಿತ್ತು.

“ನಮ್ದೂ ಇಂಗೇನಾ?” ಎಂದಳು ಅಕ್ಕ.

ಆ ಸೀಳಿಗೂ ನಮ್ಮ ಶಾಲೆಯದಕ್ಕೂ ಏನೋ ವ್ಯತ್ಯಾಸವಿದೆ ಅನ್ನಿಸಿತು, ಏನೆಂದು ಹೊಳೆಯಲಿಲ್ಲ. ಹೊಲದ ಬದುವಿನಲ್ಲಿ ಕೂತು ಇಡ್ಲಿ ತಿಂದೆವು. ಅಕ್ಕ ಒಂದೇ ಇಡ್ಲಿಯನ್ನು ಪುಡಿಪುಡಿ ಮಾಡಿ ಕೂತಳು.

ಬಂದ ದಾರಿಯಲ್ಲೇ ಇಳಿದು ಮೇಚೇರಿ ಕಡೆ ತಿರುಗಿದೆವು. ಸಂತೆಯ ದಿನ. ರಸ್ತೆ ತುಂಬ ಕುರಿ. ಊರಾಚೆ ಒಂದು ಹಳೆಯ ಆಸ್ಪತ್ರೆಯ ಪ್ರಾರ್ಥನಾಲಯ, ಈಗ ಬೀಗ ಹಾಕಿದ್ದು. ಇಲ್ಲಿ ದೊರೆಗೆ ದುಡ್ಡು ಸಾಲದೆ ಗಾರೆಯನ್ನೇ ಹಚ್ಚಿರಲಿಲ್ಲ, ಬರೀ ಇಟ್ಟಿಗೆ. ಗೋಪುರ ಪೂರ್ತಿ ನಿಂತಿತ್ತು. ಹತ್ತಿರ ಹೋದೆ. ಗೋಪುರ ಹಾಲ್‌ಗೆ ಸೇರುವ ಮೂಲೆಯಲ್ಲಿ, ನೆಲದಿಂದ ಸೂರಿನವರೆಗೆ, ಬೆರಳು ಹೋಗುವಷ್ಟು ಸಂದು. ನೇರ. ಒಂದು ಇಟ್ಟಿಗೆಯೂ ಮುರಿದಿರಲಿಲ್ಲ.

ಬೆರಳು ಹಾಕಿದೆ. ಒಳಗೆ ನುಣುಪಾಗಿತ್ತು. ಮೊಬೈಲ್ ಬೆಳಕು ಬಿಟ್ಟು ನೋಡಿದೆ. ಗೋಪುರದ ಗೋಡೆಯಲ್ಲಿ ಉದ್ದಕ್ಕೆ ಒಂದು ತೋಡು ಬಿಟ್ಟಿದ್ದರು. ಹಾಲ್‌ನ ಗೋಡೆಯ ತುದಿ ಆ ತೋಡಿನೊಳಗೆ ಸುಮ್ಮನೆ ಹೋಗಿ ನಿಂತಿತ್ತು, ಕಪಾಟಿನ ಜಾರುವ ಬಾಗಿಲು ಚೌಕಟ್ಟಿನೊಳಗೆ ನಿಲ್ಲುವ ಹಾಗೆ. ಒಳಗಿನ ಎರಡು ಮುಖಗಳಿಗೂ ಸುಣ್ಣದ ಗಾರೆ ಹಚ್ಚಿ ಉಜ್ಜಿದ್ದರು. ಹೊರಗೆ ಗಾರೆಗೆ ದುಡ್ಡಿಲ್ಲದವನು ಯಾರಿಗೂ ಕಾಣದ ಒಳಗೆ ಗಾರೆ ಹಚ್ಚಿಸಿದ್ದ. ಒಡೆದ ಗೋಡೆಯ ಒಳಮೈಯನ್ನು ಯಾರೂ ಉಜ್ಜಿ ನುಣುಪು ಮಾಡುವುದಿಲ್ಲ. ಇದು ಬಿರುಕಲ್ಲ. ಗೋಪುರ ತನ್ನ ಪಾಡಿಗೆ ತಾನು ಇಳಿಯಲಿ, ಹಾಲ್ ತನ್ನ ಪಾಡಿಗಿರಲಿ, ಯಾರೂ ಯಾರನ್ನೂ ಹರಿಯದಿರಲಿ ಎಂದು ಬೇಕೆಂದೇ ಬಿಟ್ಟ ಸಂದು. ಮಾರಂಡಹಳ್ಳಿಯಲ್ಲಿ ತಪ್ಪಿದ್ದನ್ನು ಅವನು ಮೇಚೇರಿಯಲ್ಲಿ ತಿದ್ದಿಕೊಂಡಿದ್ದ.

“ಏನೇ ಅದು? ಹಾವು ಗೀವು ಇರ್ತೈತೆ, ಕೈ ತೆಗಿ,” ಎಂದಳು ಅಕ್ಕ.

“ಅಕ್ಕಾ, ನಮ್ಮ ಶಾಲೆದೂ ಇದೇ ಇರಬೇಕು.”

“ಇರಬೇಕು ಅಂದ್ರೆ?”

“ಸಿಮೆಂಟ್ ಕಿತ್ತು ನೋಡೋ ತನಕ ಇರಬೇಕು ಅಷ್ಟೇ.”

ವಾಪಸ್ ಬರುವಾಗ ಅವಳು ಅದೇ ಪ್ರಶ್ನೆಯನ್ನು ಬೇರೆ ಬೇರೆ ರೀತಿಯಲ್ಲಿ ಕೇಳುತ್ತಲೇ ಇದ್ದಳು. ನಾನು ಕೊನೆಗೆ ರೇಗಿದೆ. ಅವಳೂ ರೇಗಿದಳು. ಜಗಳವಾಡಿದ ಮೇಲೆ ಇಬ್ಬರಿಗೂ ಕೊಂಚ ಹಗುರಾಯಿತು.

ಮಾರನೆಯ ದಿನವೇ ಕಾರ್ಯದರ್ಶಿಯ ಎದುರಿಗೇ ಮೇಸ್ತ್ರಿಯನ್ನು ಕರೆಸಿದೆವು. ಎತ್ತರದ ಆಸಾಮಿ, ಬಾಯಲ್ಲಿ ಎಲೆಅಡಿಕೆ, ಕೈಯಲ್ಲಿ ಸುತ್ತಿಗೆ, ಉಳಿ. ಸುತ್ತಲಿನವರಿಗೆ ತಿಳಿಯಬಾರದ್ದನ್ನು ನಾವಿಬ್ಬರೂ ಕನ್ನಡದಲ್ಲಿ ಮಾತಾಡಿಕೊಳ್ಳುವುದು ಚಿಕ್ಕಂದಿನಿಂದ ಬಂದ ಅಭ್ಯಾಸ. ಸೇಲಂನ ಅಂಗಡಿ, ಬಸ್ಸು, ಮದುವೆಮನೆ, ಎಲ್ಲೆಲ್ಲೂ ಅದು ನಮಗೆ ಪರದೆಯ ಹಾಗೆ ಒದಗಿದೆ. ಅಕ್ಕ ನನ್ನ ಕಿವಿಯ ಹತ್ತಿರ ಬಂದು, “ಈ ಆಳು ನೋಡಿದ್ರೆ ಬಯಮಾಗೈತೆ ಕಣೇ. ಸಿಮೆಂಟ್ ಜೊತೆ ಗೋಡೆನೂ ಕೆಡವಿಬಿಡ್ತಾನೆ,” ಎಂದಳು.

ಮೇಸ್ತ್ರಿ ತಿರುಗಿಯೂ ನೋಡಲಿಲ್ಲ. “ಕೆಡವಲ್ಲ ಕಣಮ್ಮ. ನಮ್ದೂ ಮೇಚೇರಿ ಪಕ್ಕಾನೇ. ಮನೇಲಿ ಕನ್ನಡಾನೇ ಮಾತಾಡದು.”

ಅಕ್ಕನ ಮುಖ ಕೆಂಪಾಯಿತು. ಅಷ್ಟು ದಿನದಲ್ಲಿ ನಾನು ನಕ್ಕಿದ್ದು ಅದೇ ಮೊದಲು.

ಗೋಪುರದ ಬುಡದಲ್ಲಿ ಶುರುಮಾಡಿಸಿದೆ. ಒಂದು ಪದರ ಸಿಮೆಂಟ್, ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು. ವರ್ಷ ವರ್ಷದ ಭಯವನ್ನೆಲ್ಲ ಅಲ್ಲಿ ತುಂಬಿಟ್ಟಿದ್ದರು. ಅಕ್ಕ ಕೈಚೀಲವನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಉಳಿಯ ಸದ್ದು ಬದಲಾಯಿತು. ಮೇಸ್ತ್ರಿ ಕೈ ನಿಲ್ಲಿಸಿ, “ಉಳ್ಳೆ ಕಾಲಿಯಾ ಐತಮ್ಮ,” ಎಂದ. ಒಳಗೆ ಖಾಲಿ. ನಾನು ಮಂಡಿಯೂರಿ ಬೆಳಕು ಬಿಟ್ಟೆ. ಅದೇ ತೋಡು ಇತ್ತು. ಅದರೊಳಗೆ ಗೋಡೆಯ ತುದಿ ಇತ್ತು. ಎರಡು ಮುಖಕ್ಕೂ ಬೆಳ್ಳಗೆ ಉಜ್ಜಿದ ಗಾರೆ.

ಇನ್ನೊಂದು ಉಳಿದಿತ್ತು. ಗೋಪುರ ನಿಜವಾಗಿ ಹೊರಕ್ಕೆ ವಾಲುತ್ತಿದ್ದರೆ ಸಂದು ಮೇಲಕ್ಕೆ ಹೋದಂತೆ ಅಗಲವಾಗಬೇಕು. ಸಾರುವೆ ಕಟ್ಟಿಸಿ ನಾನೇ ಹತ್ತಿದೆ. ಈ ವಯಸ್ಸಿಗೆ ಇದೆಲ್ಲ ಬೇಕಾ ಎಂದು ಅಕ್ಕ ಕೆಳಗಿನಿಂದ ಕೂಗುತ್ತಿದ್ದಳು. ನಡುವೆ ಕಿತ್ತು ಅಳೆದೆ, ಸೂರಿನ ಕೆಳಗೆ ಕಿತ್ತು ಅಳೆದೆ. ಬುಡದಲ್ಲಿ ಎಷ್ಟಿತ್ತೋ ತುದಿಯಲ್ಲೂ ಅಷ್ಟೇ. ನಂಬಿಕೆ ಬರದೆ ಮತ್ತೆ ಅಳೆದೆ. ಅಷ್ಟೇ. ಗೋಪುರ ಎಲ್ಲಿಗೂ ಹೊರಟಿರಲಿಲ್ಲ. ವಾಲಿದ ಹಾಗೆ ಕಂಡದ್ದು ಬುಡದಲ್ಲಿ ಗಾರೆ ತೆಳು, ಮೇಲೆ ದಪ್ಪ, ಅಷ್ಟಕ್ಕೆ. ಗಾಜು ಒಡೆದದ್ದು ಬೇಸಿಗೆಗೆ. ಬಿಸಿಲಿಗೆ ಗೋಡೆ ಹಿಗ್ಗುತ್ತದೆ, ಸಂದು ಅದಕ್ಕೂ ಜಾಗ ಕೊಡುತ್ತದೆ. ಆ ಜಾಗಕ್ಕೆ ನಾವು ಸಿಮೆಂಟ್ ತುರುಕಿ, ಗೋಡೆ ಹಿಗ್ಗಲು ಜಾಗವಿಲ್ಲದೆ ಸಿಮೆಂಟನ್ನು ಆಚೆ ನೂಕಿದಾಗ, ಅಯ್ಯೋ ಬಿರುಕು ಎಂದು ಹೆದರಿ ಮತ್ತೆ ತುರುಕುತ್ತಿದ್ದೆವು. ದೊರೆ ಆ ಸಂದನ್ನು ಮುಚ್ಚಲು ಗಾರೆಯ ತೆಳು ಕಂಬವೊಂದನ್ನು ಒಂದೇ ಪಕ್ಕದ ಗೋಡೆಗೆ ಅಂಟಿಸಿದ್ದ, ಸೂರಿನ ಕೆಳಗೆ ಅದರ ತುಂಡೊಂದು ಇನ್ನೂ ಉಳಿದಿತ್ತು. ಕರೆಂಟ್ ಪೈಪು ಇಳಿಸಲು ಯಾರೋ ಅದನ್ನು ಒಡೆದುಹಾಕಿದ್ದರು. ಸಂದು ಹೊರಗೆ ಕಂಡಿದ್ದೇ ಆಗ.

ಕೆಳಗಿಳಿದು, “ನಿಲ್ತದೆ,” ಎಂದೆ.

“ನಿಜಮಾ?”

“ನೀನೂ ನಾನೂ ಹೋದ ಮೇಲೂ ನಿಲ್ತದೆ. ಯಾವತ್ತೂ ಬೀಳೋದಾಗಿರಲಿಲ್ಲ ಅಕ್ಕಾ. ಒಂದು ದಿನಾನೂ.”

ಅಕ್ಕ ಅಲ್ಲೇ ಕಿತ್ತುಹಾಕಿದ ಸಿಮೆಂಟಿನ ಗುಡ್ಡೆಯ ಮೇಲೆ ಕೂತುಬಿಟ್ಟಳು. ಸೀರೆಗೆ ಸುಣ್ಣ ಮೆತ್ತಿತು. ಅಳುತ್ತಿದ್ದಳು, ಸದ್ದಿಲ್ಲದೆ. ಮೇಸ್ತ್ರಿ ಏನೋ ನೆಪ ಹೇಳಿ ಟೀ ಕುಡಿಯಲು ಹೋದ. ನನಗೆ ಹಸಿವೋ ಹಸಿವು. ಕಾರ್ಯದರ್ಶಿ ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡು, ತಾವೇ ಹೋಗಿ ಬೋಂಡ ಕಟ್ಟಿಸಿಕೊಂಡು ಬಂದರು. ಪುಣ್ಯಾತ್ಮರು.

ಆ ರಾತ್ರಿ ವರದಿ ಬರೆಯುವಾಗ ದೊರೆ ನೆನಪಾಗುತ್ತಲೇ ಇದ್ದ. ದೊಡ್ಡದೇನನ್ನೂ ಕಟ್ಟದೆ ಹೋದ ಎಂದು ನಾವು ತರಗತಿಯಲ್ಲಿ ಬರೆದುಕೊಂಡಿದ್ದೆವಲ್ಲ, ಆ ಮಾತು ನನಗೆ ಈಗ ಹಿಡಿಸುವುದಿಲ್ಲ. ಮೊದಲನೆಯದು ಹರಿಯಿತು. ಅವಮಾನವಾಗಿರುತ್ತದೆ. ಬೇರೆ ಯಾರಾದರೂ ಆಗಿದ್ದರೆ ಹಡಗು ಹತ್ತಿ ವಾಪಸ್ ಹೋಗುತ್ತಿದ್ದರು. ಇವನು ಉಳಿದ. ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ತನ್ನ ತಪ್ಪನ್ನು ತಿದ್ದಿಕೊಂಡ. ಅದನ್ನು ಚೆಂದ ಮಾಡಿ ಮುಚ್ಚಿ, ಹೆಣ್ಣುಮಕ್ಕಳ ತಲೆಯ ಮೇಲೆ ಗೋಪುರ ನಿಲ್ಲಿಸಿದ. ನನಗೆ ಅಷ್ಟು ಸಾಕು. ಅವನನ್ನು ಬಯ್ದದ್ದನ್ನೆಲ್ಲ ಹಿಂದಕ್ಕೆ ತೆಗೆದುಕೊಂಡೆ, ಚೂಪು ದೊರೆ ಎಂಬ ಹೆಸರೊಂದನ್ನು ಬಿಟ್ಟು.

ಜೂನ್‌ನಲ್ಲಿ ಶಾಲೆ ಶುರುವಾದ ದಿನ ಅಕ್ಕ ನನ್ನನ್ನೂ ಪ್ರಾರ್ಥನೆಗೆ ಕರೆದಳು. ಗೋಪುರದ ಕೆಳಗಿನ ದೊಡ್ಡ ಬಾಗಿಲು ತೆರೆದಿತ್ತು. ಮಕ್ಕಳು ಅಲ್ಲಿಂದಲೇ ಓಡೋಡಿ ಬಂದರು. ಒಂದನೇ ತರಗತಿಯವರು ಗೋಪುರದ ಬುಡದಲ್ಲೇ ಸಾಲಾಗಿ ಕೂತರು. ನಾನು ಹಿಂದೆ ಗೋಡೆಗೆ ಒರಗಿ ನಿಂತೆ. ಗಂಟೆ ಬಾರಿಸುವ ಆಯಮ್ಮ ನನ್ನ ಪಕ್ಕಕ್ಕೆ ಬಂದು ನಿಂತಳು.

“ಅಪ್ಪಾಡಾ,” ಎಂದು ಉಸಿರುಬಿಟ್ಟಳು. ಆಮೇಲೆ ತಮಿಳಿನಲ್ಲಿ, ಇನ್ನು ಮೇಲೆ ದೊಡ್ಡ ಟೀಚರ್ ಆ ಬಾಗಿಲಲ್ಲಿ ನಿಲ್ಲಬೇಕಾಗಿಲ್ಲ ಎಂದಳು.

ಯಾವ ಬಾಗಿಲಲ್ಲಿ ಎಂದು ಕೇಳಿದೆ.

ನನಗೆ ಗೊತ್ತಿಲ್ಲ ಎಂಬುದು ಅವಳಿಗೆ ಆಶ್ಚರ್ಯ. ಆ ಕಡೆ ಯಾರೂ ಹೋಗಬಾರದು ಎಂದು ನಾನು ಬರೆದುಕೊಟ್ಟ ಮೇಲೆ ಬಾಗಿಲಿಗೆ ಬೀಗ ಹಾಕಿದ್ದರಂತೆ. ಆದರೂ ಚಿಕ್ಕ ಮಕ್ಕಳು ರೂಢಿಯಂತೆ ಅತ್ತಲೇ ಓಡಿ ಬರುತ್ತಿದ್ದರು. ತಡೆಯಲು ಯಾರನ್ನಾದರೂ ನಿಲ್ಲಿಸಬೇಕು. ಆಯಮ್ಮ ತಾನು ನಿಲ್ಲುತ್ತೇನೆ ಎಂದಳಂತೆ. ಅಕ್ಕ ಬಿಡಲಿಲ್ಲ. ನಿನಗೆ ಚಿಕ್ಕ ಮಕ್ಕಳಿದ್ದಾರೆ ಎಂದಳಂತೆ. ಪರೀಕ್ಷೆ ಮುಗಿಯುವವರೆಗೆ ಪ್ರತಿದಿನ ಬೆಳಗ್ಗೆ, ಮಕ್ಕಳು ಒಳಗೆ ಬಂದು ಹಾಡು ಮುಗಿಸಿ ಹೊರಗೆ ಹೋಗುವವರೆಗೂ, ಗೋಪುರದ ಕೆಳಗೆ ಆ ಬಾಗಿಲಿಗೆ ಬೆನ್ನು ಕೊಟ್ಟು ಅಕ್ಕ ಒಬ್ಬಳೇ ನಿಂತಿದ್ದಳು. ಗಾಜುಗಳು ಒಂದೊಂದಾಗಿ ಒಡೆಯುತ್ತಿದ್ದ ದಿನಗಳು ಅವು.

ಅಷ್ಟೂ ದಿನ ನಾನು ಮಕ್ಕಳು, ಮಕ್ಕಳು ಎಂದೇ ಲೆಕ್ಕ ಹಾಕುತ್ತಿದ್ದೆ. ಅದರ ಕೆಳಗೆ ನಿಂತಿದ್ದವಳು ನನ್ನ ಅಕ್ಕ.

ಪ್ರಾರ್ಥನೆ ಮುಗಿದ ಮೇಲೆ ಅವಳ ಕೋಣೆಗೆ ಹೋಗಿ ಬಾಯಿಗೆ ಬಂದಂತೆ ಬಯ್ದೆ. ಬುದ್ಧಿ ಐತಾ ನಿನಗೆ ಎಂದೆ. ಅವಳು ಹಾಜರಿ ಪುಸ್ತಕಗಳನ್ನು ಜೋಡಿಸುತ್ತ ಕೇಳಿಸಿಕೊಂಡಳು.

“ಬಯ್ಯಿ, ಬಯ್ಯಿ,” ಎಂದಳು. “ಬಯ್ಯೋದಕ್ಕೆ ಸಿಕ್ಕಿದ್ದೀನಲ್ಲ.”